ಬರಗಾಲದಲ್ಲಿ ಕೊಟ್ಟವರಿಗೆ ಸಿಕ್ಕಿದ್ದೇನು?

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಹೊಳೆಗಳು ಒಟ್ಟಿಗೇ ಉಕ್ಕಿದವು. ಹೊಳೆದಂಡೆಯ ಊರುಗಳ ಜನ ಬಂದು ನಮ್ಮ ಪ್ರೌಢಶಾಲೆಯ ಕೋಣೆಗಳಲ್ಲಿ ತಂಗಿದ್ದರು. ನಾನು ಎರಡು ದಿನ ರಜೆ ಹಾಕಿ, ಬೆಂಗಳೂರಿನಿಂದ ಔಷಧಿ, ಹಾಸಿಗೆ ಹೊದಿಕೆ ತೆಗೆದುಕೊಂಡು ಬಂದಿದ್ದೆ. ನಾನು ಹತ್ತನೆಯ ತರಗತಿ ಓದಿದ ಕೋಣೆಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿದ್ದರು. ಕರಿಹಲಗೆಯ ಕೆಳಗೆ ಕೂತಿದ್ದ ಒಬ್ಬ ಅಜ್ಜಿಗೆ, "ಅಜ್ಜಿ, ಈ ಗಂಜಿ ಕೇಂದ್ರದಾಗ ಊಟ ಸರಿ ಐತೇನ?" ಎಂದು ಕೇಳಿದೆ. ಆಕೆ ನಕ್ಕು, "ಯಾರ ಮಗನೋ ತಮ್ಮಾ ನೀ? ಗಂಜಿ ಕೇಂದ್ರ ಅನ್ನೂದು ಬರಗಾಲದ ಮಾತು, ಹೊಳಿ ಬಂದಾಗ ಅನ್ನೂ ಮಾತಲ್ಲ. ನಮ್ಮ ಮುತ್ಯಾನ ಕಾಲದ ಮಾತದು" ಎಂದಳು.

ಆ ಮಾತು ನನ್ನ ಜೊತೆ ಬೆಂಗಳೂರಿಗೆ ಬಂತು. ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. ಇತಿಹಾಸ ನನ್ನ ವಿಷಯವಲ್ಲ. ಆದರೂ ಅಂದಿನಿಂದ ನಮ್ಮ ಸೀಮೆಯ ಬರಗಾಲಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದೆ. ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬರೆಯಿರಿ ಎಂದು ಗುರುಗಳು ಫೋನ್ ಮಾಡಿದಾಗ, ನನ್ನ ಬಾಲ್ಯದ ನೆನಪಿಗಿಂತ ಇದನ್ನೇ ಬರೆಯುವುದು ಮೇಲು ಅನ್ನಿಸಿತು. ನನ್ನ ಪ್ರಶ್ನೆ ಸಣ್ಣದು. ಎಲ್ಲರಿಗೂ ಕಷ್ಟ ಬಂದಾಗ ತನ್ನದನ್ನು ಕೊಟ್ಟವರಿಗೆ, ಕೂಲಿಯಿಲ್ಲದೆ ದುಡಿದವರಿಗೆ ಏನು ಸಿಕ್ಕಿತು? ಪುಣ್ಯ ಸಿಗುತ್ತದೆ ಎಂಬ ಮಾತು ಇದ್ದೇ ಇದೆ. ಅದನ್ನು ಬದಿಗಿಟ್ಟು, ಈ ನೆಲದ ಮೇಲೆ ಕಣ್ಣಿಗೆ ಕಾಣುವಂಥದ್ದು ಏನು ಸಿಕ್ಕಿತು ಎಂಬುದೇ ಪ್ರಶ್ನೆ.

ಧಾತು, ಈಶ್ವರ

ನಮ್ಮ ಭಾಗಕ್ಕೆ ಬರ ಹೊಸದಲ್ಲ. 1791-92ರ ಬರಕ್ಕೆ ಜನ ಇಟ್ಟ ಹೆಸರು 'ಡೋಗಿ ಬರ', ಅಂದರೆ ತಲೆಬುರುಡೆಗಳ ಬರ. ಸತ್ತವರನ್ನು ಮಣ್ಣು ಮಾಡಲೂ ಆಗದೆ ಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂದು ಆ ಹೆಸರು. ಅದರ ನಂತರದ ದೊಡ್ಡ ಬರ ಬಂದದ್ದು 1876ರಿಂದ 1878ರವರೆಗೆ. ನಮ್ಮ ಪಂಚಾಂಗದ ಪ್ರಕಾರ ಧಾತು ಮತ್ತು ಈಶ್ವರ ಸಂವತ್ಸರಗಳು. ಹೀಗಾಗಿ ಹಿರಿಯರ ಬಾಯಲ್ಲಿ ಅದು 'ಧಾತು-ಈಶ್ವರ ಬರ'.

ಆಗ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಇಂದಿನ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೇರಿ ಮುಂಬಯಿ ಪ್ರಾಂತದ 'ಕಲಾದಗಿ ಜಿಲ್ಲೆ' ಎನಿಸಿಕೊಂಡಿದ್ದವು. ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಈ ಮೂರೂ ಕಡೆ 1876ರಲ್ಲಿ ಮಳೆ ಕೈಕೊಟ್ಟಿತು. ಮೈಸೂರಿನಲ್ಲಿ 1871ರ ಜನಗಣತಿಯ ಪ್ರಕಾರ 50 ಲಕ್ಷಕ್ಕೂ ಹೆಚ್ಚು ಜನರಿದ್ದರು. 1881ರ ಗಣತಿಯಲ್ಲಿ ಸಿಕ್ಕವರು 42 ಲಕ್ಷಕ್ಕೂ ಕಡಿಮೆ. ನಮ್ಮ ಕಲಾದಗಿ ಜಿಲ್ಲೆಯಲ್ಲಿ ಎರಡು ಗಣತಿಗಳ ನಡುವೆ ಜನಸಂಖ್ಯೆಯ ಐದನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯಿತು. ಕೆಲವರು ಸತ್ತರು, ಕೆಲವರು ಗುಳೆ ಹೋದರು. ಮೊದಲು ನೆಲಕಚ್ಚಿದವರು ಹೊಲವಿಲ್ಲದ ಕೂಲಿಕಾರರು ಮತ್ತು ನೇಕಾರರು. ಹೊಟ್ಟೆಗಿಲ್ಲದ ಊರಿನಲ್ಲಿ ಸೀರೆ ಕೊಳ್ಳುವವರು ಯಾರು?

ದೇಶದಲ್ಲಿ ಕಾಳೇ ಇರಲಿಲ್ಲ ಎಂದಲ್ಲ. ಆ ಬರದ ಅವಧಿಯಲ್ಲೇ ಭಾರತದಿಂದ ಇಂಗ್ಲೆಂಡಿಗೆ ಸುಮಾರು 3,20,000 ಟನ್ ಗೋಧಿ ಹೋಯಿತು. ಕಾಳು ಇತ್ತು. ಕೊಳ್ಳುವ ಕಾಸು ಇರಲಿಲ್ಲ. ಕಲಾದಗಿ ಜಿಲ್ಲೆಗೆ ಕಾಳು ತರುವ ರೈಲೂ ಇರಲಿಲ್ಲ. ಬಂಡಿಯಲ್ಲಿ ತರೋಣವೆಂದರೆ ಎತ್ತುಗಳಿಗೆ ಮೇವು, ನೀರು ಇರಲಿಲ್ಲ.

ಒಂದು ಪೌಂಡಿನ ಲೆಕ್ಕ

ಸರ್ಕಾರ ಪರಿಹಾರ ಕಾಮಗಾರಿಗಳನ್ನು ತೆರೆಯಿತು. ಕೆರೆ ಅಗೆಯುವುದು, ರಸ್ತೆಗೆ ಕಡಿ ಒಡೆಯುವುದು ಆ ಕೆಲಸಗಳು. ದುಡಿಯಲಾಗದವರಿಗೆ ಗಂಜಿ. ಆದರೆ ಖರ್ಚು ಹೆಚ್ಚಾಗುತ್ತಿದೆ ಎಂದು ವೈಸರಾಯ್ ಲಾರ್ಡ್ ಲಿಟ್ಟನ್ 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಅವರನ್ನು ಪರಿಶೀಲನೆಗೆ ಕಳಿಸಿದರು. ಟೆಂಪಲ್ ಕೂಲಿ ಇಳಿಸಿದರು. ದಿನವಿಡೀ ಕಲ್ಲು ಒಡೆದ ಗಂಡಾಳಿಗೆ ಒಂದು ಪೌಂಡ್ ಕಾಳು, ಎಂದರೆ ಸುಮಾರು 450 ಗ್ರಾಂ, ಮೇಲೆ ಒಂದು ಆಣೆ. ಹೆಂಗಸರಿಗೂ ಮಕ್ಕಳಿಗೂ ಇನ್ನೂ ಕಡಿಮೆ. ಜನ ಇದನ್ನು ಟೆಂಪಲ್ ಕೂಲಿ ಎಂದು ಕರೆದರು. ಮದ್ರಾಸಿನ ಆರೋಗ್ಯ ಅಧಿಕಾರಿಯಾಗಿದ್ದ ಡಾ. ವಿಲಿಯಂ ಕಾರ್ನಿಷ್, ಈ ಕಾಳಿನಲ್ಲಿ ದುಡಿಯುವ ದೇಹ ಉಳಿಯುವುದಿಲ್ಲವೆಂದು ಸರ್ಕಾರದೊಳಗೇ ಇದ್ದು ವಾದಿಸಿದರು. ಕೆಲವು ತಿಂಗಳಲ್ಲಿ ಮದ್ರಾಸ್ ಸರ್ಕಾರ ಪ್ರಮಾಣವನ್ನು ಹೆಚ್ಚಿಸಬೇಕಾಯಿತು.

ಮುಂಬಯಿ ಪ್ರಾಂತದಲ್ಲಿ ಪರಿಹಾರ ಕಾಮಗಾರಿಯ ಕೂಲಿಕಾರರು ಕಡಿತದ ಕೂಲಿಗೆ ಕೆಲಸ ಮಾಡುವುದಿಲ್ಲವೆಂದು ಎದ್ದು ಹೋದರು. ಹಸಿದವರು ಮಾಡಿದ ಮುಷ್ಕರವದು. ಅವರ ಬೆನ್ನಿಗೆ ನಿಂತದ್ದು ಪುಣೆಯ ಸಾರ್ವಜನಿಕ ಸಭಾ. 1870ರಲ್ಲಿ ಹುಟ್ಟಿದ ಈ ಸಂಸ್ಥೆಯ ಮುಂದಾಳು ವಕೀಲ ಗಣೇಶ ವಾಸುದೇವ ಜೋಶಿ. ಜನ ಅವರನ್ನು ಪ್ರೀತಿಯಿಂದ 'ಸಾರ್ವಜನಿಕ ಕಾಕಾ' ಎನ್ನುತ್ತಿದ್ದರು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಅವರ ಜೊತೆಗಿದ್ದರು.

ಸಭೆ ಮಾಡಿದ ದೊಡ್ಡ ಕೆಲಸವೆಂದರೆ ಲೆಕ್ಕ ಬರೆದದ್ದು. ಅವರ ಪ್ರತಿನಿಧಿಗಳು ಬರಪೀಡಿತ ಜಿಲ್ಲೆಗಳಲ್ಲಿ ತಿರುಗಿದರು. ಬೆಳೆ ಎಷ್ಟಾಣೆ ಬಂದಿದೆ, ಕಾಳಿನ ಧಾರಣೆ ಏನು, ದನ ಎಷ್ಟು ಸತ್ತವು, ಎಷ್ಟು ಜನ ಊರು ಬಿಟ್ಟರು, ಕಾಮಗಾರಿ ಎಷ್ಟು ದೂರ ಎಂಬ ವಿವರಗಳನ್ನು ಒಟ್ಟುಗೂಡಿಸಿ ಸರ್ಕಾರಕ್ಕೆ ವರದಿಯ ಮೇಲೆ ವರದಿ ಕಳಿಸಿದರು. ನಮ್ಮ ಜನ ಸಾಯುತ್ತಿದ್ದಾರೆ ಎಂದು ಅಳುವುದು ಬೇರೆ. ಇಂಥ ತಾಲ್ಲೂಕಿನಲ್ಲಿ ಇಂಥ ಸ್ಥಿತಿ ಇದೆ ಎಂದು ಕಾಗದದ ಮೇಲೆ ಇಡುವುದು ಬೇರೆ. ಅಳುವಿಗೆ ಅಧಿಕಾರಿ ಸಮಾಧಾನ ಹೇಳಿ ಕಳಿಸಬಹುದು. ಲೆಕ್ಕಕ್ಕೆ ಅವನು ಉತ್ತರ ಬರೆಯಲೇಬೇಕು. ಕಾಳು ಕೊಡಲಾಗದವನು ಕೂಡ ಹೀಗೆ ತನ್ನ ಕಾಲು ಮತ್ತು ಕಣ್ಣನ್ನು ಕೊಡಬಹುದು ಎಂಬುದನ್ನು ಆ ಪ್ರತಿನಿಧಿಗಳು ತೋರಿಸಿದರು.

ಧನಕವಡಿಯ ಮಕ್ಕಳು

ಅದೇ ಪುಣೆಯಲ್ಲಿ ಇನ್ನೊಂದು ಬಗೆಯ ಸೇವೆ ನಡೆದಿತ್ತು. ಜೋತಿಬಾ ಫುಲೆ 1873ರ ಸೆಪ್ಟೆಂಬರ್‌ನಲ್ಲಿ ಸತ್ಯಶೋಧಕ ಸಮಾಜ ಕಟ್ಟಿದ್ದರು. ಅದಕ್ಕೆ ಇನ್ನೂ ನಾಲ್ಕು ವರ್ಷ ತುಂಬುವ ಮೊದಲೇ ಈ ಬರ ಬಂತು. ಸಮಾಜದ ಕೈಯಲ್ಲಿ ದೊಡ್ಡ ನಿಧಿ ಇರಲಿಲ್ಲ. ಆದರೂ 1877ರ ಮೇ ತಿಂಗಳಲ್ಲಿ ಪುಣೆಯ ಹತ್ತಿರದ ಧನಕವಡಿಯಲ್ಲಿ ಬರಪೀಡಿತ ಮಕ್ಕಳಿಗಾಗಿ ಆಶ್ರಮ ನಡೆಸಲು ಫುಲೆಯವರು ಜನರಲ್ಲಿ ನೆರವು ಬೇಡಿದರು. ಅದಕ್ಕೂ ಮೊದಲು ಏಪ್ರಿಲ್‌ನಲ್ಲಿ ಸಾವಿತ್ರಿಬಾಯಿ ಜುನ್ನರ ಭಾಗದ ಓತೂರಿನಲ್ಲಿದ್ದುಕೊಂಡು ಬರದ ಹಳ್ಳಿಗಳ ಸ್ಥಿತಿಯನ್ನು ಪತಿಗೆ ಪತ್ರದಲ್ಲಿ ಬರೆದಿದ್ದರು.

ಇಪ್ಪತ್ತು ವರ್ಷಗಳ ನಂತರ ಪುಣೆಗೆ ಪ್ಲೇಗ್ ಬಂತು. ಆಗ ಜೋತಿಬಾ ತೀರಿಕೊಂಡು ಆರು ವರ್ಷಗಳಾಗಿದ್ದವು. ಸಾವಿತ್ರಿಬಾಯಿಗೆ ಅರವತ್ತೈದರ ಮೇಲೆ ವಯಸ್ಸು. ಅವರ ಸಾಕುಮಗ ಯಶವಂತ ಡಾಕ್ಟರಾಗಿದ್ದರು. ತಾಯಿ ಮಗ ಸೇರಿ ಊರ ಹೊರಗೆ ರೋಗಿಗಳಿಗೆ ಚಿಕಿತ್ಸೆಯ ಏರ್ಪಾಡು ಮಾಡಿದರು. ಪ್ಲೇಗ್ ತಗುಲಿದ ಹುಡುಗನೊಬ್ಬನನ್ನು ಸಾವಿತ್ರಿಬಾಯಿ ತಾವೇ ಹೊತ್ತು ತಂದರು. ಆ ರೋಗ ಅವರಿಗೂ ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡರು.

ಕೊಟ್ಟವರಿಗೆ ಏನು ಸಿಕ್ಕಿತು ಎಂಬ ನನ್ನ ಪ್ರಶ್ನೆ ಇಲ್ಲಿ ಬಂದು ನಿಂತುಬಿಡುತ್ತದೆ. ಸೇವೆ ಮಾಡಿದರೆ ಒಳ್ಳೆಯದಾಗುತ್ತದೆ ಎಂದು ಮಕ್ಕಳಿಗೆ ಸುಲಭವಾಗಿ ಹೇಳುತ್ತೇವೆ. ಸಾವಿತ್ರಿಬಾಯಿಗೆ ಸಿಕ್ಕಿದ್ದು ಸಾವು. ಅದನ್ನು ಮರೆಮಾಚಿ ಬರೆದರೆ ಅದು ಇತಿಹಾಸವಾಗುವುದಿಲ್ಲ. ಆದ್ದರಿಂದ ಪ್ರಶ್ನೆಯನ್ನೇ ತಿದ್ದಿಕೊಳ್ಳಬೇಕು. ಕೊಟ್ಟದ್ದರ ಫಲ ಕೊಟ್ಟವನ ಕೈಗೇ ಬರಬೇಕು ಎಂದು ಯಾಕೆ ಅಂದುಕೊಳ್ಳಬೇಕು? ಅದು ಯಾರ ಕೈಗೆ, ಯಾವಾಗ ಬಂತು ಎಂದು ಹುಡುಕಿದರೆ ಕಥೆ ಬೇರೆಯಾಗುತ್ತದೆ.

ಹತ್ತಿಯ ಹಾದಿಯಲ್ಲಿ ಹೋದ ಕಾಸು

ಇದಕ್ಕೆ ನಾನು ಓದಿದ್ದರಲ್ಲಿ ನನಗೆ ಹೆಚ್ಚು ಹಿಡಿಸಿದ ಉದಾಹರಣೆ ದೂರದ ಇಂಗ್ಲೆಂಡಿನದು. ಅದಕ್ಕೆ ನಮ್ಮ ಹೊಲದ ಹತ್ತಿಯ ನಂಟೂ ಇದೆ. ಇಂಗ್ಲೆಂಡಿನ ಲಂಕಾಶೈರ್ ಪ್ರದೇಶ ಬಟ್ಟೆ ಗಿರಣಿಗಳ ಸೀಮೆ. ಅಲ್ಲಿಗೆ ಹತ್ತಿ ಬರುತ್ತಿದ್ದುದು ಮುಖ್ಯವಾಗಿ ಅಮೆರಿಕದಿಂದ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಹತ್ತಿ ನಿಂತಿತು. ಗಿರಣಿಗಳು ಮುಚ್ಚಿದವು, ಲಕ್ಷಾಂತರ ಕೂಲಿಕಾರರು ಬೀದಿಗೆ ಬಿದ್ದರು. ಆಗ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಎಂದೂ ಇಲ್ಲದ ಬೆಲೆ ಬಂತು. ಬಂಡಿಗಟ್ಟಲೆ ಅರಳೆ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತಿತು.

ಅದೇ ದಿನಗಳಲ್ಲಿ ಭಾರತದಿಂದ ಇನ್ನೊಂದು ವಸ್ತುವೂ ಲಂಕಾಶೈರಿಗೆ ಹೋಯಿತು. ಅದು ಚಂದಾ ಹಣ. ಮುಂಬಯಿ, ಕಲಕತ್ತೆಯ ಕಡೆಯಿಂದ ಗಿರಣಿ ಕೂಲಿಕಾರರ ಪರಿಹಾರ ನಿಧಿಗೆ ಜನ ದುಡ್ಡು ಕೂಡಿಸಿ ಕಳಿಸಿದರು. ಆಳುವವರ ದೇಶದ ಬಡವರಿಗೆ ಆಳಿಸಿಕೊಳ್ಳುವ ದೇಶದಿಂದ ಹೋದ ನೆರವು ಅದು.

ಹದಿನೈದು ವರ್ಷ ಕಳೆಯಿತು. 1877ರ ಆಗಸ್ಟ್ ಹೊತ್ತಿಗೆ ದಕ್ಷಿಣ ಭಾರತದ ಬರದ ಸುದ್ದಿ ಲಂಡನ್ ಪತ್ರಿಕೆಗಳನ್ನು ಮುಟ್ಟಿ, ಅಲ್ಲಿನ ಲಾರ್ಡ್ ಮೇಯರ್ 'ಮ್ಯಾನ್ಷನ್ ಹೌಸ್ ನಿಧಿ' ತೆರೆದರು. ಆ ನಿಧಿಗೆ ಕೊಟ್ಟವರಲ್ಲಿ ಲಂಕಾಶೈರಿನ ಗಿರಣಿ ಪಟ್ಟಣಗಳೂ ಇದ್ದವು. 1862ರಲ್ಲಿ ಚಂದಾ ಕೊಟ್ಟ ಮುಂಬಯಿ, ಕಲಕತ್ತೆಯ ಜನರಿಗೆ ಅದು ಹಿಂದಿರುಗಲಿಲ್ಲ. ಅವರ ಹೆಸರನ್ನೇ ಕೇಳದ ಬಳ್ಳಾರಿ, ಮೈಸೂರು ಕಡೆಯ ರೈತನ ಮನೆಗೆ ಅದು ಬಂತು.

ಆ ಹಣವನ್ನು ಬಳಸಿದ ರೀತಿಯೂ ಗಮನಿಸುವಂಥದ್ದು. ಮದ್ರಾಸಿನಲ್ಲಿ ಪತ್ರಿಕಾ ಸಂಪಾದಕರಾಗಿದ್ದ ವಿಲಿಯಂ ಡಿಗ್ಬಿ ಆ ನಿಧಿಯ ಸಮಿತಿಗೆ ಗೌರವ ಕಾರ್ಯದರ್ಶಿ. ಸಮಿತಿ ಸ್ಥಳೀಯ ಮಟ್ಟದಲ್ಲೂ ಉಪಸಮಿತಿಗಳನ್ನು ಮಾಡಿತು. ನಿಧಿ ಕೈಸೇರುವ ಹೊತ್ತಿಗೆ ಹಲವು ಕಡೆ ಮಳೆ ಬಿದ್ದಿತ್ತು. ಆದರೆ ಮಳೆ ಬಂದ ಮಾತ್ರಕ್ಕೆ ಬರ ಮುಗಿಯುವುದಿಲ್ಲ ಎಂಬುದು ನಮ್ಮ ರೈತರಿಗೆ ಗೊತ್ತು. ಬೀಜದ ಕಾಳನ್ನೂ ತಿಂದಾಗಿರುತ್ತದೆ, ಎತ್ತು ಸತ್ತಿರುತ್ತವೆ, ಮನೆಯ ತೊಲೆ ಜಂತಿ ಮಾರಿ ಹೋಗಿರುತ್ತವೆ. ಆ ನಿಧಿಯ ಬಹುಪಾಲು ಬೀಜ, ಎತ್ತು, ಬಟ್ಟೆ, ಗುಡಿಸಲಿಗೆ ವೆಚ್ಚವಾಯಿತು. ಗಂಜಿ ಆ ದಿನದ ಹಸಿವಿಗೆ. ಬೀಜ ಮುಂದಿನ ವರ್ಷದ ಹಸಿವಿಗೆ. ಕೊಡುವವರು ಕಲಿತ ದೊಡ್ಡ ಪಾಠ ಇದು.

ಬರದ ನಂತರ ಉಳಿದದ್ದು

ಬರ ಮುಗಿದ ಮೇಲೆ ಸರ್ಕಾರವೂ ಬದಲಾಗಬೇಕಾಯಿತು. ಸರ್ ರಿಚರ್ಡ್ ಸ್ಟ್ರಾಚಿ ಅಧ್ಯಕ್ಷತೆಯ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಅದರ ಆಧಾರದ ಮೇಲೆ 1883ರಲ್ಲಿ ಕ್ಷಾಮ ಸಂಹಿತೆಯ ಕರಡು ಬಂತು. ಬರದ ಮುನ್ಸೂಚನೆಗಳು ಯಾವುವು, ಕಾಮಗಾರಿ ಯಾವಾಗ ತೆರೆಯಬೇಕು, ದುಡಿಯಲಾಗದವರಿಗೆ ಏನು ಕೊಡಬೇಕು ಎಂಬುದು ಮೊದಲ ಬಾರಿಗೆ ನಿಯಮವಾಯಿತು. ಬರ ಬಂದಾಗ ಜನರನ್ನು ಉಳಿಸುವುದು ಸರ್ಕಾರದ ಹೊಣೆ ಎಂಬುದು ಬರಹದಲ್ಲಿ ಬಂತು. ಆಮೇಲೂ ಬರಗಳು ಬಂದವು, ಜನರೂ ಸತ್ತರು, ಅದು ನಿಜ. ಆದರೆ ಪುಸ್ತಕದಲ್ಲಿ ನಿಯಮ ಇದ್ದ ಮೇಲೆ, ಯಾಕೆ ಪಾಲಿಸಲಿಲ್ಲ ಎಂದು ಕೇಳುವ ಹಕ್ಕು ಜನರಿಗೆ ಬರುತ್ತದೆ. ಸಾರ್ವಜನಿಕ ಸಭೆಯಂಥವರು ಬರೆದಿಟ್ಟ ಲೆಕ್ಕವೇ ಹಾಗೆ ಕೇಳುವ ರೂಢಿಯನ್ನು ಹಾಕಿಕೊಟ್ಟದ್ದು.

ನಮ್ಮ ಭಾಗಕ್ಕೆ ರೈಲು ಬಂದದ್ದೂ ಈ ಬರದ ಕಾರಣದಿಂದಲೇ. ಹೋಟಗಿಯಿಂದ ವಿಜಯಪುರ, ಬಾಗಲಕೋಟೆ, ಬಾದಾಮಿ ಹಾದು ಗದಗಕ್ಕೆ ಹೋಗುವ ಹಾದಿಯನ್ನು ಬರ ನಿವಾರಣೆಯ ಮಾರ್ಗವೆಂದೇ ಯೋಜಿಸಿ ಕಟ್ಟಿದರು. 1884ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ಇಂದು ನಾವು ಸೀಟು ಸಿಗಲಿಲ್ಲವೆಂದು ಗೊಣಗುತ್ತ ಹತ್ತುವ ಆ ಗಾಡಿಯ ಹಾದಿ ಹಸಿದವರ ನೆನಪಿನ ಮೇಲೆ ಹಾಸಿದ್ದು.

ಬರ ಮುಗಿದ ಎರಡು ವರ್ಷಕ್ಕೆ, 1880ರಲ್ಲಿ, ಧಾರವಾಡದಲ್ಲಿ ಶಿಕ್ಷಕರ ಮನೆಯಲ್ಲಿ ಒಂದು ಮಗು ಹುಟ್ಟಿತು. ಅವರೇ ಫ. ಗು. ಹಳಕಟ್ಟಿ. ವಕೀಲರಾಗಿ ವಿಜಯಪುರಕ್ಕೆ ಬಂದ ಅವರನ್ನು ನಾವು ವಚನ ಪಿತಾಮಹ ಎಂದು ನೆನೆಯುತ್ತೇವೆ. ಮನೆ ಮನೆ ತಿರುಗಿ ತಾಳೆಗರಿ ಕೂಡಿಸಿದ್ದು, ವಚನಗಳನ್ನು ಅಚ್ಚು ಹಾಕಲು ಸ್ವಂತ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದ್ದು, ಮರುವರ್ಷ 'ಶಿವಾನುಭವ' ಪತ್ರಿಕೆ ಆರಂಭಿಸಿದ್ದು ಎಲ್ಲರಿಗೂ ಗೊತ್ತು. ಅವರ ಇನ್ನೊಂದು ಮುಖ ಅಷ್ಟಾಗಿ ಗೊತ್ತಿಲ್ಲ. ಮೇಲಿಂದ ಮೇಲೆ ಬರ ಬೀಳುವ ಜಿಲ್ಲೆಯಲ್ಲಿ ಬರ ಬಂದಾಗ ಮಾತ್ರ ಓಡಾಡಿದರೆ ಸಾಲದು ಎಂದು ಅವರು ಕಂಡುಕೊಂಡಿದ್ದರು. 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ, 1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕ್, ನೇಕಾರರಿಗಾಗಿ ಸಂಘ, ಬರ ನಿವಾರಣೆಗಾಗಿ ಸಂಘ ಇವೆಲ್ಲದರ ಹಿಂದೆ ಅವರಿದ್ದರು. ಬರಗಾಲದಲ್ಲಿ ಸಾಲಕ್ಕೆ ಎತ್ತು ಮಾರುವುದನ್ನು ತಪ್ಪಿಸಲು ಬ್ಯಾಂಕು, ಗುಳೆ ಹೋಗುವ ಮಕ್ಕಳನ್ನು ನಿಲ್ಲಿಸಿಕೊಳ್ಳಲು ಶಾಲೆ. ಬೀಜ ಕೊಟ್ಟು ಮುಂದಿನ ವರ್ಷದ ಹಸಿವನ್ನು ತಡೆಯುವ ವಿಚಾರದ್ದೇ ಮುಂದಿನ ಹೆಜ್ಜೆ ಇದು.

ಹಳಕಟ್ಟಿಯವರು 1964ರ ಜೂನ್ 29ರಂದು ತೀರಿಕೊಂಡಾಗ ಆಸ್ತಿ ಎಂದು ಹೇಳುವಂಥದ್ದು ಅವರಲ್ಲಿ ಇರಲಿಲ್ಲ. ಮನೆ ಹೋಗಿತ್ತು. ಬ್ಯಾಂಕು ಉಳಿದಿತ್ತು, ಶಾಲೆಗಳು ಉಳಿದಿದ್ದವು, ವಚನಗಳು ಉಳಿದಿದ್ದವು. ಅವರು ಕೊಟ್ಟದ್ದರ ಬಡ್ಡಿಯನ್ನು ನಾವು ತಿನ್ನುತ್ತಿದ್ದೇವೆ.

ಕೆಂಪು ಜೋಳದ ವರ್ಷಗಳು, ನಮ್ಮ ಶಾಲೆ

ಇನ್ನು ನಮ್ಮ ಊರಿಗೆ ಬರುತ್ತೇನೆ. ಹಿರಿಯರು ಇಂದಿಗೂ 'ಎಪ್ಪತ್ತೆರಡರ ಬರ' ಎನ್ನುವುದು 1972-73ರ ಬರವನ್ನು. ಮಹಾರಾಷ್ಟ್ರವನ್ನೂ ನಮ್ಮ ಉತ್ತರ ಕರ್ನಾಟಕವನ್ನೂ ಅದು ಹಿಂಡಿತು. ಹೊರದೇಶದ ಕೆಂಪು ಜೋಳದ ರೊಟ್ಟಿ ತಟ್ಟಿದರೆ ಒಡೆಯುತ್ತಿತ್ತು, ತಿಂದರೆ ಗಂಟಲಲ್ಲಿ ನಿಲ್ಲುತ್ತಿತ್ತು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ನಮ್ಮ ಅಜ್ಜ ಬರಗಾಲ ಕಾಮಗಾರಿಯಲ್ಲಿ ಕಡಿ ಒಡೆದವನು.

ನಮ್ಮ ಪ್ರೌಢಶಾಲೆ ಹುಟ್ಟಿದ್ದು ಆ ಬರದ ಹಿಂದೆಯೇ. ಅಲ್ಲಿಯವರೆಗೆ ಏಳನೆಯ ತರಗತಿ ಮುಗಿಸಿದ ಹುಡುಗರು ಬಿಸಿಲಲ್ಲಿ ಹರದಾರಿ ನಡೆದು ಪಕ್ಕದ ಊರಿಗೆ ಹೋಗಬೇಕಿತ್ತು. ಹುಡುಗಿಯರು ಹೋಗುತ್ತಲೇ ಇರಲಿಲ್ಲ. ಮನೆಯಲ್ಲಿ ಕಣಜ ಖಾಲಿ ಇದ್ದ ಕಾಲದಲ್ಲಿ ಊರವರು ಶಾಲೆ ಬೇಕೆಂದು ಕೂತರು. ಜಾಗ ಕೊಟ್ಟವರು ಒಬ್ಬರು. ಹಣ ಕೊಟ್ಟವರು ಹಲವರು. ಅವರ ಹೆಸರುಗಳು ಮುಖ್ಯ ಗುರುಗಳ ಕೋಣೆಯ ಗೋಡೆಯಲ್ಲಿರುವ ಕಲ್ಲಿನ ಮೇಲೆ ಕೆತ್ತಿವೆ. ಆದರೆ ಹಣವಿಲ್ಲದವರು ಏನು ಮಾಡಿದರು? ಅಜ್ಜನ ಬಾಯಲ್ಲಿ ಕೇಳಿದ್ದು ಇಷ್ಟು. ಮನೆಗೊಂದು ಆಳು ಎಂದು ಸರದಿ ಹಾಕಿದರು. ಎತ್ತು ಉಳಿದಿದ್ದವರು ಬಂಡಿ ಹೂಡಿ ಕಲ್ಲು ತಂದರು. ಹೆಣ್ಣುಮಕ್ಕಳು ಬಾವಿಯಿಂದ ನೀರು ಹೊತ್ತು ಗೋಡೆಗೆ ಹೊಡೆದರು. ಎರಡು ದಿನ ಗೌಂಡಿಯ ಕೈಕೆಳಗೆ ದುಡಿದ ಅಜ್ಜನಿಗೆ ಕೂಲಿ ಕೊಡಲು ಹೋದರೆ, "ಬರಗಾಲದ ಕಡಿ ಹೊಟ್ಟಿಗೆ ಒಡದೀನಿ, ಈ ಕಲ್ಲಿಗೆ ಕೂಲಿ ಬ್ಯಾಡ" ಎಂದನಂತೆ. ಆತ ಸಹಿ ಮಾಡಲು ಬಾರದವನು. ಆತನ ಮೊಮ್ಮಗ ಅದೇ ಗೋಡೆಯ ನೆರಳಲ್ಲಿ ಕೂತು ಬೀಜಗಣಿತ ಕಲಿತ. ಆತ ಕೊಟ್ಟ ಎರಡು ದಿನದ ಕೂಲಿ ನನ್ನ ಕೈಗೆ ಬರಲು ಸುಮಾರು ಮೂವತ್ತು ವರ್ಷ ಹಿಡಿಯಿತು.

ನೋಟ್‌ಬುಕ್ಕಿನಲ್ಲಿ ಬರೆದ ಪಟ್ಟಿ

ಇದನ್ನೆಲ್ಲ ಓದಿ ತಿಳಿದವನಂತೆ ಬರೆಯುತ್ತಿದ್ದೇನೆ. ಆದರೆ ನನ್ನ ಸರದಿ ಬಂದಾಗ ನಾನು ಮೊದಲು ಮಾಡಿದ್ದು ತಪ್ಪು. 2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾಯಿತು. ನಾವು ನಾಲ್ಕಾರು ಗೆಳೆಯರು ದುಡ್ಡು ಹಾಕಿ, ಪಾಸ್ ಮಾಡಿಸಿಕೊಂಡು, ಬೆಂಗಳೂರಿನ ಹೊರವಲಯದ ಕಟ್ಟಡ ಕೂಲಿಕಾರರ ಶೆಡ್‌ಗಳಿಗೆ ಅರವತ್ತು ರೇಷನ್ ಕಿಟ್ ಒಯ್ದೆವು. ಗೇಟಿನ ಮುಂದೆ ಸಾಲು ಹಚ್ಚಿಸಿ ಇಪ್ಪತ್ತು ನಿಮಿಷದಲ್ಲಿ ಹಂಚಿದೆವು. ಫೋಟೊ ತೆಗೆದೆವು. ಮನೆಗೆ ಬಂದು ನೆಮ್ಮದಿಯಿಂದ ಉಂಡೆವು.

ರಾತ್ರಿ ಅಲ್ಲಿನ ಮೇಸ್ತ್ರಿಯ ಫೋನ್ ಬಂತು. ನಮ್ಮ ವಿಜಯಪುರದ ಕಡೆಯವರೇ. "ಸರ, ಸಿಟ್ಟಾಗಬ್ಯಾಡ್ರಿ. ನೀವು ಕೊಟ್ಟದ್ದು ಮುಂದ ಬಂದು ನಿಂತವರಿಗೆ. ಹಿಂದಿನ ಶೆಡ್ಡಿನಾಗ ಇಬ್ಬರು ಬಾಣಂತ್ಯಾರು ಅದಾರ. ಅವರು ಗೇಟಿಗೆ ಹೆಂಗ ಬರಬೇಕ್ರಿ? ನಾಕು ಮಂದಿ ಹುಡುಗರಿಗೆ ಅಕ್ಕಿ ಕೊಟ್ಟೀರಿ, ಅವರ ಹತ್ರ ಒಲಿ ಇಲ್ಲ."

ಮರುದಿನ ಕಿಟ್ ಇಲ್ಲದೆ ಬರೀ ಒಂದು ನೋಟ್‌ಬುಕ್ ಹಿಡಿದು ಹೋದೆ. ಮೇಸ್ತ್ರಿ ಮುಂದೆ, ನಾನು ಹಿಂದೆ. ಪ್ರತಿ ಶೆಡ್ಡಿನಲ್ಲಿ ಎಷ್ಟು ಜನ, ಹಾಲು ಕುಡಿಯುವ ಮಕ್ಕಳೆಷ್ಟು, ಒಲೆ ಇದೆಯೇ, ಔಷಧಿ ಯಾರಿಗೆ ಬೇಕು ಎಂದು ಬರೆದುಕೊಂಡೆ. ದಿನವಿಡೀ ದತ್ತಾಂಶದ ಜೊತೆ ಕೆಲಸ ಮಾಡುವ ನನಗೆ, ಹಸಿದವರನ್ನು ಮೊದಲು ಎಣಿಸಬೇಕು ಎಂಬುದು ಒಬ್ಬ ಮೇಸ್ತ್ರಿ ಹೇಳುವವರೆಗೆ ಹೊಳೆದಿರಲಿಲ್ಲ. ಸಾರ್ವಜನಿಕ ಸಭೆಯವರು ಸುಮಾರು ನೂರಾ ನಲವತ್ತು ವರ್ಷಗಳ ಹಿಂದೆ ಮಾಡಿದ ಕೆಲಸ ಏನೆಂದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ಆ ಶೆಡ್ಡುಗಳ ನಡುವೆ.

ಮೂರನೆಯ ದಿನ ಮೇಸ್ತ್ರಿ ಹೇಳಿದರು: "ಇನ್ನ ಪಟ್ಟಿ ನಾವ ಬರೀತೀವ್ರಿ ಸರ. ಬರೇ ತಗೊಂಡು ಕೂಡೂದು ನಮಗೂ ಸರಿ ಅನಸಂಗಿಲ್ಲ." ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟು ತಾಯಿ ತಂದೆಯ ಜೊತೆ ಗುಳೆ ಬಂದಿದ್ದ ಒಬ್ಬ ಹುಡುಗಿ ನೋಟ್‌ಬುಕ್ ತೆಗೆದುಕೊಂಡಳು. ಅವಳ ಅಕ್ಷರ ನನ್ನದಕ್ಕಿಂತ ಚೆಂದ. ಹುಡುಗರು ಗಾಡಿಯಿಂದ ಚೀಲ ಇಳಿಸಿದರು, ಹೆಂಗಸರು ಒಂದೇ ಒಲೆಯಲ್ಲಿ ಎಲ್ಲರಿಗೂ ಅಡಿಗೆ ಹೊಂದಿಸಿದರು. ಅಲ್ಲಿಂದ ಮುಂದೆ ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು ಎಂಬುದು ನನಗೂ ಗೊತ್ತಾಗದಂತಾಯಿತು. ಮೇ ತಿಂಗಳಲ್ಲಿ ರೈಲು, ಬಸ್ಸುಗಳು ಹೊರಟಾಗ ಆ ಪಟ್ಟಿಯೇ ಊರಿಗೆ ಹೋಗುವವರ ಹೆಸರು ನೋಂದಾಯಿಸಲು ಕೆಲಸಕ್ಕೆ ಬಂತು. ಹೊರಡುವ ಮೊದಲು ಆ ಹುಡುಗಿ ಕೇಳಿದ್ದು ಹತ್ತನೆಯ ತರಗತಿಯ ಪುಸ್ತಕಗಳನ್ನು. ನಾನು ನಮ್ಮ ಶಾಲೆಯ ಗುರುಗಳಿಗೆ ಫೋನ್ ಮಾಡಿದೆ. ಅವರು ಅವಳ ಊರಿನ ವಿಳಾಸ ಕೇಳಿ ಒಂದು ಜೊತೆ ಪುಸ್ತಕ ತಲುಪಿಸಿದರು.

ನನಗೆ ಸಿಕ್ಕಿದ್ದೇನು? ನಾನು ಕೊಟ್ಟದ್ದು ಒಂದು ತಿಂಗಳ ಸಂಬಳದ ಒಂದು ಪಾಲು, ಕೆಲವು ಭಾನುವಾರಗಳು. ಸಿಕ್ಕಿದ್ದು ಕಣ್ಣು. ಗೇಟಿನ ಮುಂದೆ ನಿಂತವರನ್ನು ಮಾತ್ರ ನೋಡುತ್ತಿದ್ದ ನಾನು ಹಿಂದಿನ ಶೆಡ್ಡನ್ನು ನೋಡಲು ಕಲಿತೆ. ಆ ಪಾಠಕ್ಕೆ ನಾನು ಯಾವ ಕಾಲೇಜಿಗೂ ಫೀ ಕಟ್ಟಿರಲಿಲ್ಲ.

ಕಲ್ಲಿನ ಮೇಲಿಲ್ಲದ ಹೆಸರುಗಳು

ಇಷ್ಟು ಓದಿದ ಮೇಲೆ ನನಗೆ ತೋರುವುದು ಇಷ್ಟು. ಕಷ್ಟಕಾಲದಲ್ಲಿ ಕೊಟ್ಟದ್ದು ಕೊಟ್ಟವನಿಗೇ ಬರುವುದು ಅಪರೂಪ. ಅದು ಸುತ್ತು ಹಾಕಿ, ಬೇರೆ ರೂಪ ತಾಳಿ, ಬೇರೆಯವರ ಮನೆಗೆ ಬರುತ್ತದೆ. ಮುಂಬಯಿಯ ಚಂದಾ ಬಳ್ಳಾರಿಯ ಬೀಜವಾಗಿ ಬಂತು. ಸಭೆಯ ಲೆಕ್ಕ ಕೇಳುವ ಹಕ್ಕಾಗಿ ಬಂತು. ಹಳಕಟ್ಟಿಯವರ ಮನೆ ನಮ್ಮ ಮನೆಗಳ ಕಪಾಟಿನಲ್ಲಿ ವಚನದ ಪುಸ್ತಕವಾಗಿ ಬಂತು. ನಮ್ಮ ಅಜ್ಜಂದಿರ ಕೂಲಿ ನಮಗೆ ಎಸ್.ಎಸ್.ಎಲ್.ಸಿ. ಆಗಿ ಬಂತು. ಈಗ ಅದನ್ನು ಮುಂದಕ್ಕೆ ಸಾಗಿಸುವ ಸರದಿ ನಮ್ಮದು.

ಅದಕ್ಕಾಗಿ ಹಳೆಯ ವಿದ್ಯಾರ್ಥಿಗಳಲ್ಲಿ, ಊರ ಹಿರಿಯರಲ್ಲಿ ನನ್ನದೊಂದು ವಿನಂತಿ. ಮುಖ್ಯ ಗುರುಗಳ ಕೋಣೆಯ ಕಲ್ಲಿನ ಮೇಲೆ ಹಣ ಕೊಟ್ಟವರ ಹೆಸರುಗಳಿವೆ, ಇರಲೇಬೇಕು. ಬಂಡಿ ಹೂಡಿದವರ, ಕಲ್ಲು ಹೊತ್ತವರ, ಗೋಡೆಗೆ ನೀರು ಹೊಡೆದ ಹೆಣ್ಣುಮಕ್ಕಳ ಹೆಸರುಗಳು ಎಲ್ಲೂ ಇಲ್ಲ. ಅವರಲ್ಲಿ ಕೆಲವರು ಇನ್ನೂ ಕಟ್ಟೆಯ ಮೇಲೆ ಕೂತಿದ್ದಾರೆ, ಹಲವರು ಹೋಗಿಬಿಟ್ಟಿದ್ದಾರೆ. ಈ ಸುವರ್ಣ ಮಹೋತ್ಸವದ ವರ್ಷ ಮುಗಿಯುವುದರೊಳಗೆ ಒಂಬತ್ತನೆಯ ತರಗತಿಯ ಮಕ್ಕಳು ಒಂದೊಂದು ಓಣಿ ಹಂಚಿಕೊಂಡು, ಮನೆ ಮನೆಗೆ ಹೋಗಿ, "ಅಜ್ಜಾ, ಶಾಲಿ ಕಟ್ಟುವಾಗ ನಿಮ್ಮ ಮನಿಯಿಂದ ಯಾರು ಬಂದಿದ್ರು?" ಎಂದು ಕ���ಳಿ ಬರೆದುಕೊಂಡು ಬರಲಿ. ನೋಟ್‌ಬುಕ್ಕುಗಳನ್ನು ನಾನು ಕಳಿಸುತ್ತೇನೆ. ಆ ಪಟ್ಟಿಯಲ್ಲಿ ಮೊದಲ ಹೆಸರಾಗಿ, ಸಹಿ ಮಾಡಲು ಬಾರದ ನಮ್ಮ ಅಜ್ಜನ ಹೆಸರನ್ನು ನಾನೇ ಬರೆದು ಕೊಡುತ್ತೇನೆ.